ಮಾರ್ಚ್ ಕೊನೆಯಲ್ಲಿ ಬಿಲ್ಲುಬೇಟೆ: ನೆಬ್ರಾಸ್ಕದ ಕಾಡು ಟರ್ಕಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ಸಹೋದ್ಯೋಗಿಗಳ ಜೊತೆ ಬಿಲ್ಲುಗಾರಿಕೆ ಕಲಿತ ಕನ್ನಡಿಗ ಗೆಳೆಯರಲ್ಲಿ ಕೆಲವರು ಮೊದಲ ಬೇಟೆಗೆ ಕಾಡು ಟರ್ಕಿ ಹಕ್ಕಿಯನ್ನೇ ಆರಿಸಿಕೊಳ್ಳುತ್ತಾರೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನನಗೆ ಚೆನ್ನಾಗಿ ಗೊತ್ತಿರುವುದು ನೆಬ್ರಾಸ್ಕ ರಾಜ್ಯದ ವಾಯವ್ಯ ಮೂಲೆಯಲ್ಲಿರುವ ಪೈನ್ ರಿಜ್ ಪ್ರದೇಶವಾದ್ದರಿಂದ ಹೆಚ್ಚಿನ ಮಾತು ಅದರ ಸುತ್ತಲೇ ಇದೆ.

ವಸಂತದ ಆರಂಭ ಎಂದರೆ ಯಾವ ದಿನಗಳು? ಎಲ್ಲಿಗೆ ಹೋಗಬಹುದು?

ಅಮೆರಿಕದ ಮುಖ್ಯ ಭೂಭಾಗದಲ್ಲಿ ಟರ್ಕಿ ಋತು ಮೊದಲು ತೆರೆಯುವುದು ಫ್ಲಾರಿಡಾದಲ್ಲಿ. ಅಲ್ಲಿ ಸ್ಟೇಟ್ ರೋಡ್ 70ರ ದಕ್ಷಿಣಕ್ಕೆ ಮಾರ್ಚ್ ತಿಂಗಳ ಮೊದಲ ಶನಿವಾರವೇ ಬೇಟೆ ಶುರುವಾಗುತ್ತದೆ. ಆ ರಾಜ್ಯದ ಆಸಿಯೋಲಾ ಉಪಜಾತಿ ಬೇರೆಲ್ಲೂ ಇಲ್ಲದ ಕಾರಣ ಅಲ್ಲಿನ ಜಾಗಕ್ಕೆ ಪೈಪೋಟಿ ಹೆಚ್ಚು, ಖರ್ಚೂ ಹೆಚ್ಚು. ನೆಬ್ರಾಸ್ಕದಲ್ಲಿ ಬಿಲ್ಲುಗಾರರ ಋತು ಹಲವು ವರ್ಷಗಳ ಕಾಲ ಮಾರ್ಚ್ 25ಕ್ಕೆ ತೆರೆದಿದೆ, ಬಂದೂಕಿನವರ ಸರದಿ ಏಪ್ರಿಲ್ ಮಧ್ಯದ ಹೊತ್ತಿಗೆ ಬಂದಿದೆ. ನಡುವಿನ ಆ ಸುಮಾರು ಮೂರು ವಾರ ಹಕ್ಕಿಗಳು ಇನ್ನೂ ಗುಂಡಿನ ಸದ್ದು ಕೇಳದೆ ತಮ್ಮ ಚಳಿಗಾಲದ ದಿನಚರಿಯಲ್ಲೇ ಇರುತ್ತವೆ. ಬಿಲ್ಲುಗಾರ ಹಕ್ಕಿಗೆ ಹದಿನೈದಿಪ್ಪತ್ತು ಗಜ ಹತ್ತಿರವಿರಬೇಕು, ಹೀಗಾಗಿ ಇದಕ್ಕಿಂತ ದೊಡ್ಡ ಅನುಕೂಲ ಅವನಿಗೆ ಇನ್ನೊಂದಿಲ್ಲ. ಆದರೂ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆಯಾ ವರ್ಷದ ನಿಯಮ ಪುಸ್ತಿಕೆಯನ್ನು ನೋಡದೆ ವಿಮಾನದ ಟಿಕೆಟ್ ಕೊಳ್ಳಬೇಡಿ.

ಅಲ್ಲಿ ಸಿಗುವುದು ಯಾವ ಟರ್ಕಿ?

ಪೈನ್ ರಿಜ್‌ನಲ್ಲಿರುವುದು ಮೆರಿಯಮ್ಸ್ ಉಪಜಾತಿ. ಬಾಲದ ಗರಿಗಳ ತುದಿ ಕೆನೆಬಿಳುಪಾಗಿದ್ದು, ಕಪ್ಪು ಪೈನ್ ನೆರಳಿನಿಂದ ಹುಂಜ ಹೊರಬಂದು ಬಾಲ ಬಿಚ್ಚಿದಾಗ ಆ ಬಿಳಿ ಅಂಚು ದೂರದಿಂದಲೇ ಕಾಣುತ್ತದೆ. ಇದು ಅಲ್ಲಿನ ಮೂಲ ನಿವಾಸಿಯಲ್ಲ, 1959ರಲ್ಲಿ ತಂದು ಬಿಟ್ಟ ಸಣ್ಣ ಗುಂಪೊಂದರಿಂದ ಬೆಳೆದ ಸಂತತಿ. ದೇಶದ ಉದ್ದಗಲಕ್ಕೂ ಟರ್ಕಿಯ ಕಥೆ ಹೀಗೆಯೇ ಇದೆ. ಮಿತಿಯಿಲ್ಲದ ಬೇಟೆಯಿಂದಲೂ ಕಾಡು ಕಡಿದದ್ದರಿಂದಲೂ ಬಹುತೇಕ ಅಳಿದಿದ್ದ ಹಕ್ಕಿಯನ್ನು, ಫಿರಂಗಿಯಂತೆ ಸಿಡಿದು ಹರಡುವ ಬಲೆಗಳಲ್ಲಿ ಹಿಡಿದು ಬೇರೆ ಬೇರೆ ರಾಜ್ಯಗಳಿಗೆ ಸಾಗಿಸಿ ಮತ್ತೆ ನೆಲೆಗೊಳಿಸಲಾಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಸಲಕರಣೆಗಳ ಮೇಲೆ ವಿಧಿಸುವ ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ನೀವು ಕೊಳ್ಳುವ ಬಾಣದ ಬೆಲೆಯಲ್ಲೂ ಅದರ ಪಾಲಿದೆ.

ಎಚ್-1ಬಿ ವೀಸಾದಲ್ಲಿರುವವರು ಬೇಟೆಯಾಡಬಹುದೇ?

ಬೇಟೆಯ ಪರವಾನಗಿ ಕೊಡುವುದು ರಾಜ್ಯ ಸರ್ಕಾರ, ಅದಕ್ಕೆ ಪೌರತ್ವ ಬೇಕಿಲ್ಲ. ಗೊಂದಲ ಹುಟ್ಟುವುದು ಬಂದೂಕಿನ ವಿಷಯದಲ್ಲಿ. ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಊರ್ಜಿತವಾದ ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಕೊಡುತ್ತದೆ. ಬಿಲ್ಲು ಆ ಕಾನೂನಿನ ಅರ್ಥದಲ್ಲಿ ಬಂದೂಕೇ ಅಲ್ಲವಾದ್ದರಿಂದ ಈ ತೊಡಕು ಬಿಲ್ಲುಗಾರನಿಗೆ ಬರುವುದಿಲ್ಲ. ಆದರೆ ನಿಯಮ ಮುರಿದು ಕೊಂದ ಹಕ್ಕಿಯನ್ನು ರಾಜ್ಯದ ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಒಕ್ಕೂಟದ ಅಪರಾಧವಾಗುತ್ತದೆ. ವೀಸಾದ ಮೇಲಿರುವವರಿಗೆ ಅಂಥ ಪ್ರಕರಣದ ಬಿಸಿ ದಂಡದ ಮೊತ್ತಕ್ಕೆ ನಿಲ್ಲದೇ ಹೋಗಬಹುದು, ಆದ್ದರಿಂದ ಸಂಶಯವಿದ್ದಲ್ಲಿ ಬಾಣ ಬಿಡದಿರುವುದೇ ಸರಿ.

ಪರವಾನಗಿಗೆ ಏನೇನು ಬೇಕು?

ಹೊರರಾಜ್ಯದವರು ನೆಬ್ರಾಸ್ಕದ ಟರ್ಕಿ ಪರ್ಮಿಟ್ಟನ್ನೂ ವನ್ಯಜೀವಿಗಳ ನೆಲೆ ಕಾಪಾಡುವ ಶುಲ್ಕವಾದ ಹ್ಯಾಬಿಟಾಟ್ ಸ್ಟ್ಯಾಂಪನ್ನೂ ಕೊಳ್ಳಬೇಕು. ಟರ್ಕಿಗಳ ಸಂಖ್ಯೆ ಇಳಿಮುಖವಾದದ್ದರಿಂದ ಈಚಿನ ವರ್ಷಗಳಲ್ಲಿ ಒಬ್ಬರಿಗೆ ಸಿಗುವ ಪರ್ಮಿಟ್‌ಗಳನ್ನು ಕಡಿಮೆ ಮಾಡಿ, ಹೊರಗಿನವರಿಗೆ ಮಾರುವ ಒಟ್ಟು ಪರ್ಮಿಟ್‌ಗಳಿಗೂ ಮಿತಿ ಹಾಕಿದ್ದಾರೆ. ಮಾರ್ಚ್ ಬರಲಿ ನೋಡೋಣ ಎಂದು ಕೂರದೆ ಮಾರಾಟ ತೆರೆದ ದಿನವೇ ಕೊಳ್ಳುವುದು ಲೇಸು. ಬೇಟೆಗಾರರ ಸುರಕ್ಷತಾ ಶಿಕ್ಷಣದ ಪ್ರಮಾಣಪತ್ರ ಯಾರಿಗೆ ಕಡ್ಡಾಯ ಎಂಬುದು ವಯಸ್ಸು ಮತ್ತು ರಾಜ್ಯವನ್ನು ಅವಲಂಬಿಸಿದೆ. ಫ್ಲಾರಿಡಾದಲ್ಲಿ ಅದು 1975ರ ಜೂನ್ 1 ಅಥವಾ ಅನಂತರ ಹುಟ್ಟಿದವರಿಗೆಲ್ಲ ಅನ್ವಯಿಸುತ್ತದೆ. ಬೇಟೆಯ ಹಿನ್ನೆಲೆಯಿಲ್ಲದ ಮನೆಗಳಿಂದ ಬಂದ ನಮ್ಮಂಥವರು ಕಡ್ಡಾಯವಿರಲಿ ಬಿಡಲಿ, ಆ ತರಗತಿಗೆ ಹೋಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಊರಿನಲ್ಲಿ ಇಂಥದ್ದೇನಾದರೂ ಸಾಧ್ಯವೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಭಾರತದಲ್ಲಿ ವಿನೋದಕ್ಕಾಗಿ ಬೇಟೆಯಾಡುವಂತಿಲ್ಲ. ಕಾಡು ಟರ್ಕಿ ಅಲ್ಲಿನ ಹಕ್ಕಿಯೂ ಅಲ್ಲ, ನಮ್ಮ ಕಡೆ ಕಾಣುವುದು ಸಾಕಿದ ಟರ್ಕಿ ಕೋಳಿ ಮಾತ್ರ.

ಯಾರ ಜಮೀನಿನಲ್ಲಿ ಬೇಟೆಯಾಡಬೇಕು?

ಚಾಡ್ರನ್ ಮತ್ತು ಕ್ರಾಫರ್ಡ್ ಊರುಗಳ ದಕ್ಷಿಣಕ್ಕೆ ನೆಬ್ರಾಸ್ಕ ನ್ಯಾಷನಲ್ ಫಾರೆಸ್ಟಿನ ಪೈನ್ ರಿಜ್ ವಿಭಾಗವಿದೆ, ಅದು ಸಾರ್ವಜನಿಕ ಭೂಮಿ. ಜೊತೆಗೆ ರೈತರು ಬೇಟೆಗಾರರಿಗೆ ಕಾಲ್ನಡಿಗೆಯ ಪ್ರವೇಶ ಕೊಡುವ ಓಪನ್ ಫೀಲ್ಡ್ಸ್ ಅಂಡ್ ವಾಟರ್ಸ್ ಯೋಜನೆಯ ಹೊಲಗಳಿವೆ. ಉಳಿದದ್ದು ಖಾಸಗಿ, ಅಲ್ಲಿ ಬೇಲಿಯ ಮೇಲೆ ಫಲಕವಿಲ್ಲದಿದ್ದರೂ ಮಾಲೀಕರ ಅನುಮತಿ ಬೇಕೇ ಬೇಕು.

ಅನುಮತಿ ಕೇಳುವುದು ನಾವು ಹೆದರುವಷ್ಟು ಕಷ್ಟವಲ್ಲ. ಚಳಿಗಾಲದಲ್ಲಿ ದನಗಳಿಗೆ ಹಾಕಿದ ಮೇವಿಗೆ ನೂರಾರು ಟರ್ಕಿಗಳು ಮುತ್ತಿ ಹಿಕ್ಕೆ ಹಾಕುವುದರಿಂದ ಬೇಸತ್ತ ಪಶುಪಾಲಕರು ಬಿಲ್ಲುಗಾರನನ್ನು ಖುಷಿಯಿಂದಲೇ ಒಳಗೆ ಬಿಡುವುದುಂಟು. ಆದರೆ ಮಾರ್ಚ್ ಅವರಿಗೆ ಹಸು ಕರು ಹಾಕುವ ತಿಂಗಳು, ರಾತ್ರಿಯೆಲ್ಲ ಎದ್ದಿರುತ್ತಾರೆ. ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟದೆ ನಡುಮಧ್ಯಾಹ್ನ ಹೋಗಿ, ಮರೆಸುವ ಉಡುಪು ಕಳಚಿಟ್ಟು ಸಾಧಾರಣ ಬಟ್ಟೆಯಲ್ಲಿ ಮಾತಾಡಿಸಿ, ಗೇಟು ತೆರೆದಿದ್ದರೆ ತೆರೆದಂತೆಯೇ ಮುಚ್ಚಿದ್ದರೆ ಮುಚ್ಚಿದಂತೆಯೇ ಬಿಟ್ಟು ಬನ್ನಿ.

ಆ ದಿನಗಳಲ್ಲಿ ಹಕ್ಕಿಗಳು ಹೇಗೆ ನಡೆದುಕೊಳ್ಳುತ್ತವೆ?

ಇಡೀ ಪ್ರವಾಸದ ಯೋಜನೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ದೂರದಲ್ಲಿರುವ ಒಂಟಿ ಹುಂಜವನ್ನು ಹೇಂಟೆಯ ಕೂಗಿನಿಂದ ಕರೆದು ತರುವ ಬೇಟೆಯ ವಿಡಿಯೋಗಳನ್ನು ನೀವು ನೋಡಿರಬಹುದು. ಅದು ಏಪ್ರಿಲ್ ಕೊನೆ, ಮೇ ತಿಂಗಳ ಆಟ. ಆಗ ಹೇಂಟೆಗಳು ಮೊಟ್ಟೆಯಿಡಲು, ಕಾವು ಕೂರಲು ಹೋಗಿರುತ್ತವೆ, ಒಂಟಿಯಾದ ಹುಂಜ ಯಾವ ಕರೆಗೂ ಓಗೊಡುತ್ತದೆ. ಮಾರ್ಚ್ ಕೊನೆಯಲ್ಲಿ ಚಳಿಗಾಲದ ಹಿಂಡು ಇನ್ನೂ ಒಡೆದಿರುವುದಿಲ್ಲ. ಹಗಲು ಉದ್ದವಾಗುತ್ತಿದ್ದಂತೆ ಹುಂಜಗಳ ಮೈಯಲ್ಲಿ ಬೆದೆ ಏರಿ, ಅವು ರೆಕ್ಕೆ ಇಳಿಬಿಟ್ಟು ಬಾಲ ಬಿಚ್ಚಿ ಮೆರೆಯುತ್ತಿದ್ದರೂ ಸುತ್ತ ಹತ್ತಿಪ್ಪತ್ತು ಹೇಂಟೆಗಳು ಇದ್ದೇ ಇರುತ್ತವೆ. ಮನೆ ತುಂಬ ನೆಂಟರಿರುವಾಗ ಬೀದಿಯ ಕೂಗಿಗೆ ಯಾರು ಎದ್ದು ಬರುತ್ತಾರೆ?

ಆದ್ದರಿಂದ ಈ ಋತುವಿನಲ್ಲಿ ಹುಂಜವನ್ನು ಬೆನ್ನಟ್ಟಬೇಡಿ, ಹೇಂಟೆಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ತಿಳಿಯಿರಿ. ಹಿಂಡು ರಾತ್ರಿ ಕೂರುವುದು ಗುಡ್ಡದ ಓರೆಯ ದೊಡ್ಡ ಪಾಂಡೆರೋಸ ಪೈನ್‌ಗಳಲ್ಲಿ ಅಥವಾ ಹಳ್ಳದ ಪಕ್ಕದ ಕಾಟನ್‌ವುಡ್ ಮರಗಳಲ್ಲಿ. ಬೆಳಕು ಹರಿದ ಮೇಲೆ ಇಳಿದು, ಕೊಯ್ಲಾದ ಮೆಕ್ಕೆಜೋಳದ ಕೂಳೆ, ಕುದುರೆಮಸಾಲೆಯ ಹೊಲ ಅಥವಾ ದನದ ಮೇವಿನ ಜಾಗಕ್ಕೆ ನಡೆಯುತ್ತವೆ, ಸಂಜೆ ಹಿಂದಿರುಗುತ್ತವೆ. ಹೇಂಟೆಗಳು ಮುಂದೆ, ಹುಂಜಗಳು ಮೆರೆಯುತ್ತ ಹಿಂದೆ. ಮರ ಮತ್ತು ಮೇವಿನ ನಡುವಿನ ದಾರಿ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಮೊದಲ ದಿನವನ್ನು ಬಿಲ್ಲು ಮುಟ್ಟದೆ ದುರ್ಬೀನಿನಲ್ಲಿ ನೋಡುವುದಕ್ಕೇ ಇಟ್ಟು, ಬೇಲಿ ದಾಟುವ ಜಾಗ, ಕೆಸರಿನ ಹೆಜ್ಜೆ, ಉದುರಿದ ಗರಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ ಎಳೆದ ಗೆರೆಗಳನ್ನು ಗುರುತಿಸಿಕೊಳ್ಳಿ. ಮೂರು ದಿನದ ಪ್ರವಾಸದಲ್ಲಿ ಒಂದು ದಿನ ಹೀಗೆ ಕಳೆಯುವುದು ದಂಡವೆನ್ನಿಸುತ್ತದೆ, ಆದರೆ ನನಗೆ ಸಿಕ್ಕ ಹಕ್ಕಿಗಳೆಲ್ಲ ಆ ದಿನದ ಗಳಿಕೆ.

ಮಲಗುವ ಮರದ ಬುಡಕ್ಕೆ ಮಾತ್ರ ಹೋಗಬೇಡಿ. ಒಮ್ಮೆ ಬೆದರಿದ ಹಿಂಡು ಮರ ಬದಲಿಸಿದರೆ ನಿಮ್ಮ ಲೆಕ್ಕವೆಲ್ಲ ಮೊದಲಿನಿಂದ ಶುರುವಾಗಬೇಕು. ಮರದಲ್ಲಿ ಕೂತ ಹಕ್ಕಿಯನ್ನು ಹೊಡೆಯುವುದು ಹಲವು ರಾಜ್ಯಗಳಲ್ಲಿ ಅಪರಾಧವೂ ಹೌದು.

ಎಂಥ ಬಿಲ್ಲು, ಎಂಥ ಬಾಣ?

ಜಿಂಕೆಗೆ ಬಳಸುವ, ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲೇ ಸಾಕು. 45ರಿಂದ 50 ಪೌಂಡ್ ಎಳೆತ ಟರ್ಕಿಗೆ ಧಾರಾಳವಾಯಿತು. 65 ಪೌಂಡಿನ ಬಿಲ್ಲಿದ್ದರೆ ಸ್ವಲ್ಪ ಸಡಿಲಿಸಿಕೊಳ್ಳಿ, ಏಕೆಂದರೆ ಚಳಿಯಲ್ಲಿ ಮರಗಟ್ಟಿದ ತೋಳಿನಿಂದ ಕುರ್ಚಿಯಲ್ಲಿ ಕುಳಿತೇ ನಿಧಾನವಾಗಿ ಹೆದೆಯೆಳೆದು ಹಕ್ಕಿ ತಿರುಗುವವರೆಗೆ ಹಿಡಿದಿರಬೇಕಾಗುತ್ತದೆ. ಬಾಣದ ತುದಿಗೆ ತಗುಲಿದಾಗ ಬಿಚ್ಚಿಕೊಳ್ಳುವ, ಎರಡು ಅಂಗುಲದಷ್ಟು ಅಗಲ ಕತ್ತರಿಸುವ ಅಲಗಿನ ಮೊನೆ, ಅಂದರೆ ಬ್ರಾಡ್‌ಹೆಡ್ ಒಳ್ಳೆಯದು. ಹಕ್ಕಿಯ ಕುತ್ತಿಗೆಗೆ ಗುರಿಯಿಡಲೆಂದೇ ಮಾಡಿದ, ಉದ್ದ ಅಲಗುಗಳ ಬ್ರಾಡ್‌ಹೆಡ್‌ಗಳೂ ಇವೆ. ಅವುಗಳ ಗುಣ, ಬಿದ್ದರೆ ಹಕ್ಕಿ, ಇಲ್ಲವಾದರೆ ಪೂರ್ತಿ ತಪ್ಪು. ಆದರೆ ಟರ್ಕಿಯ ತಲೆ ಒಂದು ಕ್ಷಣವೂ ನಿಲ್ಲುವುದಿಲ್ಲ, ಆ ಬಾಣ ಹಾರುವ ರೀತಿಯೂ ಬೇರೆ, ಆದ್ದರಿಂದ ಹೊಸಬರಿಗೆ ನಾನು ಹೇಳುವುದಿಲ್ಲ.

ಮನೆಯಲ್ಲಿ ನಿಂತು ಅಭ್ಯಾಸ ಮಾಡಿದ್ದು ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಬೇಟೆಗೆ ಒಯ್ಯುವ ಕುರ್ಚಿಯ ಮೇಲೆಯೇ ಕುಳಿತು, ಅದೇ ಜಾಕೆಟ್ ತೊಟ್ಟು, ಕಿತ್ತಳೆ ಹಣ್ಣಿನಷ್ಟು ಗುರಿಗೆ ಹತ್ತರಿಂದ ಇಪ್ಪತ್ತು ಗಜದಲ್ಲಿ ಬಾಣ ಬಿಟ್ಟು ಕಲಿಯಿರಿ.

ಬ್ಲೈಂಡ್ ಬೇಕೇ ಬೇಕೆ?

ಟರ್ಕಿಗೆ ಮೂಗು ಮಂಕು, ಕಣ್ಣು ಮಾತ್ರ ಅಸಾಧ್ಯ ಚುರುಕು. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ತನ್ನ ಸುತ್ತಲಿನ ಬಹುಭಾಗವನ್ನು ಕತ್ತು ತಿರುಗಿಸದೆಯೇ ನೋಡುತ್ತದೆ, ಬಣ್ಣಗಳನ್ನೂ ಗುರುತಿಸುತ್ತದೆ. ಬಂದೂಕಿನವನು ಮರಕ್ಕೊರಗಿ ಬೆರಳಾಡಿಸಿದರೆ ಸಾಕು, ಬಿಲ್ಲುಗಾರ ಇಡೀ ತೋಳನ್ನು ಹಿಂದಕ್ಕೆಳೆಯಬೇಕು. ಹಾಗಾಗಿ ಬ್ಲೈಂಡ್ ಎಂಬ ಮಡಚುವ ಮರೆಯ ಡೇರೆ ಇಲ್ಲದೆ ಬಿಲ್ಲುಬೇಟೆ ತುಂಬ ಕಷ್ಟ. ಹೊಸ ಡೇರೆ ಕಂಡರೆ ಜಿಂಕೆ ಅನುಮಾನಪಡುತ್ತದೆ, ಟರ್ಕಿ ಪಡುವುದಿಲ್ಲ, ರಾತ್ರೋರಾತ್ರಿ ನಿಲ್ಲಿಸಿದರೂ ಬೆಳಿಗ್ಗೆ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ನೋಡುವುದು ಒಳಗಿನ ಚಲನೆಯನ್ನು. ಹಿಂದಿನ ಕಿಟಕಿಗಳನ್ನೆಲ್ಲ ಮುಚ್ಚಿ, ಕಪ್ಪು ಅಂಗಿ, ಕಪ್ಪು ಮುಖಗವಸು ತೊಟ್ಟು ಆದಷ್ಟು ಹಿಂದೆ ಕುಳಿತುಕೊಳ್ಳಿ. ಬಯಲಿನ ಗಾಳಿಗೆ ಡೇರೆ ಹಾರದಂತೆ ಗೂಟಗಳನ್ನು ಭದ್ರವಾಗಿ ಹೊಡೆಯಿರಿ, ಗಾಳಿಗೆ ಪಟಪಟ ಬಡಿಯುವ ಬಟ್ಟೆಗೆ ಹಕ್ಕಿ ಬೆದರುತ್ತದೆ.

ಕಿಟಕಿಯ ವಿಷಯದಲ್ಲಿ ನಾನೇ ಪಾಠ ಕಲಿತೆ. ನನ್ನ ಮೊದಲ ಪ್ರವಾಸದ ಎರಡನೆಯ ಬೆಳಿಗ್ಗೆ ಹುಂಜವೊಂದು ಒಂಬತ್ತು ಗಜದಲ್ಲಿ ಬೆನ್ನು ಕೊಟ್ಟು ನಿಂತಿತ್ತು. ಗುರಿಯಿಡಲು ಬಿಲ್ಲಿಗೆ ಜೋಡಿಸಿದ ಪಿನ್ನು ಹಕ್ಕಿಯ ಮೇಲೆ ಸರಿಯಾಗಿಯೇ ಕೂತಿತ್ತು, ಬಾಣ ಬಿಟ್ಟೆ, ಟಪ್ ಎಂಬ ಸದ್ದು ಬಂತು, ಕಿಟಕಿಯ ಕೆಳಗಿನ ಬಟ್ಟೆಯಲ್ಲಿ ಒಂದು ಸೀಳು ಬಿದ್ದಿತ್ತು. ನಮ್ಮ ಕಣ್ಣು ನೋಡುವ ಗೆರೆಗಿಂತ ಬಾಣ ಹೊರಡುವ ಗೆರೆ ಮೂರು ನಾಲ್ಕು ಅಂಗುಲ ಕೆಳಗಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಬಾಣ ಹುಲ್ಲಿಗೆ ಹೂತುಹೋಯಿತು, ಹುಂಜ ಎರಡು ಹೆಜ್ಜೆ ನೆಗೆದು ಒಮ್ಮೆ ತಿರುಗಿ ನೋಡಿ ಗುಡ್ಡ ಹತ್ತಿತು. ಆಮೇಲಿಂದ ಕತ್ತಲಿರುವಾಗಲೇ ಕುಳಿತು ಹೆದೆಯೆಳೆದು, ಬಾಣದ ತುದಿ ಅಂಚಿನಿಂದ ಎಷ್ಟು ಮೇಲಿದೆ ಎಂದು ನೋಡಿಕೊಳ್ಳದೆ ಒಂದು ಬೆಳಗನ್ನೂ ಶುರು ಮಾಡಿಲ್ಲ.

ಡಿಕಾಯ್‌ಗಳನ್ನು ಹೇಗೆ ನಿಲ್ಲಿಸಬೇಕು?

ಪಂಜರದ ಕೌಜುಗವನ್ನು ಕೂಗಿಸಿ ಕಾಡಿನ ಕೌಜುಗವನ್ನು ಸೆಳೆಯುತ್ತಿದ್ದ ಹಳೆಯ ಉಪಾಯವನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದವರಿಗೆ ಡಿಕಾಯ್ ಹೊಸದೇನಲ್ಲ, ಇಲ್ಲಿ ಹಕ್ಕಿ ಮಾತ್ರ ಪ್ಲಾಸ್ಟಿಕ್ಕಿನದು. ವಸಂತದ ಆರಂಭದಲ್ಲಿ ಹುಂಜಗಳ ನಡುವೆ ಯಾರು ಮೇಲು ಎಂಬ ಜಗಳ ಇನ್ನೂ ತೀರ್ಮಾನವಾಗುತ್ತಿರುವುದರಿಂದ, ಜೇಕ್ ಎಂದು ಕರೆಯುವ ವರ್ಷದ ಎಳೆ ಹುಂಜದ ಡಿಕಾಯ್ ಒಂದು ಹೇಂಟೆಯ ಪಕ್ಕದಲ್ಲಿದ್ದರೆ ದೊಡ್ಡ ಹುಂಜ ಕೆರಳಿ ಬರುತ್ತದೆ. ಬಂದೂಕಿನವರಂತೆ ಇಪ್ಪತ್ತೈದು ಗಜದಲ್ಲಿ ನಿಲ್ಲಿಸಬೇಡಿ, ಆರರಿಂದ ಎಂಟು ಗಜ ಸಾಕು.

ಜೇಕ್‌ನ ಮುಖ ನಿಮ್ಮ ಕಡೆಗಿರಲಿ. ಹುಂಜ ಎದುರಾಳಿಯನ್ನು ಮುಖಾಮುಖಿ ಎದುರಿಸಲು ಸುತ್ತಿ ಬರುವುದರಿಂದ ಅದರ ಬೆನ್ನು ನಿಮ್ಮ ಕಡೆಗೆ ತಿರುಗುತ್ತದೆ, ಬಿಚ್ಚಿದ ಬಾಲ ಅದರ ಕಣ್ಣಿಗೇ ಅಡ್ಡವಾಗುತ್ತದೆ. ಹೆದೆಯೆಳೆಯಬೇಕಾದ ಕ್ಷಣ ಅದೇ.

ಕೂಗುವುದನ್ನು ಎಷ್ಟು ಕಲಿತಿರಬೇಕು?

ಈ ಋತುವಿಗೆ ಸ್ವಲ್ಪವೇ ಸಾಕು. ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಸದ್ದು ಹೊರಡಿಸುವ ಬಾಕ್ಸ್ ಕಾಲ್ ಹೊಸಬರಿಗೆ ಸುಲಭ, ಅರ್ಕನ್ಸಾದ ಹೆನ್ರಿ ಗಿಬ್ಸನ್ 1897ರಲ್ಲಿ ಪೇಟೆಂಟ್ ಪಡೆದ ಸಾಧನವಿದು. ಅದಕ್ಕೆ ಎರಡೂ ಕೈ ಬೇಕಾಗುವುದರಿಂದ, ಹಕ್ಕಿ ಹತ್ತಿರ ಬಂದ ಮೇಲೆ ಬಿಲ್ಲು ಹಿಡಿದವನಿಗೆ ನಾಲಗೆಯಿಂದ ಅಂಗುಳಕ್ಕೆ ಒತ್ತಿಹಿಡಿದು ಊದುವ ಡಯಾಫ್ರಮ್ ಕಾಲ್ ವಾಸಿ, ಆದರೆ ಕಲಿಯಲು ತಿಂಗಳುಗಳೇ ಹಿಡಿಯುತ್ತವೆ. ಹುಂಜವನ್ನು ಓಲೈಸುವ ಬದಲು ಹಿಂಡಿನ ಯಜಮಾನಿ ಹೇಂಟೆಯನ್ನು ಕೆಣಕಿ ನೋಡಿ. ಅದು ಕೂಗಿದಂತೆಯೇ ಇನ್ನೂ ಜೋರಾಗಿ ನೀವೂ ಕೂಗಿದರೆ, ಯಾರಿವಳು ಎಂದು ವಿಚಾರಿಸಲು ಅದು ಬರುತ್ತದೆ, ಹಿಂದೆ ಹುಂಜಗಳೂ ಬರುತ್ತವೆ. ಒಪ್ಪದೆ ದೂರ ಸರಿದರೆ ಸುಮ್ಮನಾಗಿಬಿಡಿ. ವಿದ್ಯುನ್ಮಾನ ಕೂಗುಯಂತ್ರಗಳೂ ಕಾಳು ಚೆಲ್ಲಿ ಆಕರ್ಷಿಸುವುದೂ ಬಹುತೇಕ ಕಡೆ ನಿಷಿದ್ಧ.

ಯಾವುದನ್ನು ಹೊಡೆಯಬಹುದು? ಎಲ್ಲಿಗೆ ಗುರಿಯಿಡಬೇಕು?

ವಸಂತದಲ್ಲಿ ಸಾಮಾನ್ಯವಾಗಿ ಹುಂಜಗಳನ್ನು ಅಥವಾ ಎದೆಯಿಂದ ಗಡ್ಡದಂತೆ ಜೋಲುವ ಗರಿಯ ಕುಚ್ಚು ಇರುವ ಹಕ್ಕಿಗಳನ್ನು ಮಾತ್ರ ಹೊಡೆಯಬಹುದು. ಕೆಲವು ಹೇಂಟೆಗಳಿಗೂ ಆ ಕುಚ್ಚಿರುತ್ತದೆ, ಕಾನೂನು ಒಪ್ಪಿದರೂ ಅವನ್ನು ಬಿಟ್ಟುಬಿಡಿ, ಮುಂದಿನ ವರ್ಷದ ಹಿಂಡು ಅವುಗಳ ಹೊಟ್ಟೆಯಲ್ಲಿದೆ. ಬಿಚ್ಚಿದ ಬಾಲದಲ್ಲಿ ನಡುವಿನ ಗರಿಗಳು ಮಾತ್ರ ಉದ್ದವಿದ್ದರೆ ಅದು ಜೇಕ್, ಎಲ್ಲ ಗರಿಗಳೂ ಸಮವಾಗಿದ್ದರೆ ಬಲಿತ ಹುಂಜ.

ಟರ್ಕಿ ಕಾಣುವಷ್ಟು ದೊಡ್ಡದಲ್ಲ. ಎಂಟೊಂಬತ್ತು ಕಿಲೋ ತೂಗುವ ಹಕ್ಕಿ ಗರಿಗೆದರಿದಾಗ ಅದರ ಎರಡರಷ್ಟು ಕಾಣುತ್ತದೆ, ಆದರೆ ಅದರ ಮರ್ಮಸ್ಥಾನ ನಿಮ್ಮ ಮುಷ್ಟಿಯಷ್ಟು ಮಾತ್ರ. ಎದೆಯ ಮುಂಭಾಗಕ್ಕೆ, ಕೆಳಗೆ ಬಿದ್ದ ಬಾಣ ಮಾಂಸವನ್ನು ಸೀಳುತ್ತದೆಯೇ ಹೊರತು ಹಕ್ಕಿಯನ್ನು ಕೆಡವುವುದಿಲ್ಲ. ಹಕ್ಕಿ ಗರಿ ಮಡಿಸಿ ಅಡ್ಡ ನಿಂತಿದ್ದರೆ ರೆಕ್ಕೆ ದೇಹಕ್ಕೆ ಸೇರುವ ಕೀಲಿಗೆ ಗುರಿಯಿಡಿ. ಬಾಲ ಬಿಚ್ಚಿ ಬೆನ್ನು ಕೊಟ್ಟಿದ್ದರೆ ಬೀಸಣಿಗೆಯ ಗರಿಗಳೆಲ್ಲ ಕೂಡುವ ಬುಡದ ನಡುವಿಗೆ, ಎದುರು ಮುಖವಾಗಿದ್ದರೆ ಗಡ್ಡ ಹುಟ್ಟುವ ಜಾಗಕ್ಕಿಂತ ತುಸು ಮೇಲಕ್ಕೆ. ಗರಿಗೆದರಿ ಅಡ್ಡ ನಿಂತ ಹುಂಜ ಎಲ್ಲಕ್ಕಿಂತ ಮೋಸದ ಗುರಿ, ಗರಿಯ ರಾಶಿಯೊಳಗೆ ದೇಹ ಎಲ್ಲಿದೆ ಎಂದು ಅನುಭವಿಗಳೂ ತಪ್ಪುತ್ತಾರೆ. ತಿರುಗುವವರೆಗೆ ಕಾಯಿರಿ, ಮೆರೆಯುವ ಹುಂಜ ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬಾಣ ತಾಗಿದ ಮೇಲೆ?

ಹಕ್ಕಿ ಬಿದ್ದರೆ ಬೇಗ ಹೋಗಿ ಕತ್ತನ್ನು ಹಿಡಿದೊತ್ತಿ, ಆದರೆ ಕಾಲಿನ ಮುಳ್ಳು ಮತ್ತು ಒಳಗೇ ಉಳಿದ ಅಲಗಿನ ಬಗ್ಗೆ ಎಚ್ಚರವಿರಲಿ. ನಡೆದುಹೋದರೆ ಡೇರೆಯಿಂದ ಹೊರಬೀಳದೆ ಕಣ್ಣು ಕೀಲಿಸಿ, ಕೊನೆಯದಾಗಿ ಕಂಡ ಪೊದೆಯನ್ನು ಗುರುತಿಟ್ಟುಕೊಳ್ಳಿ. ಗರಿಗಳು ನೆತ್ತರನ್ನು ಹೀರಿಕೊಳ್ಳುವುದರಿಂದ ಜಿಂಕೆಯ ಬೇಟೆಯಲ್ಲಿ ಸಿಗುವಂಥ ರಕ್ತದ ಜಾಡು ಇಲ್ಲಿ ಸಿಗದು. ಗಾಯಗೊಂಡ ಟರ್ಕಿ ಬಿದ್ದ ಮರದ ಕೆಳಗೆ, ದಟ್ಟ ಪೊದೆಯ ಒಳಗೆ ತೂರಿ ಅಲುಗಾಡದೆ ಕೂರುತ್ತದೆ. ಅನಂತರ ಪರ್ಮಿಟ್‌ನಲ್ಲಿ ಹೇಳಿದಂತೆ ಟ್ಯಾಗ್ ಹಾಕುವುದು, ರಾಜ್ಯಕ್ಕೆ ವರದಿ ಮಾಡುವುದು ಬಾಕಿಯಿರುತ್ತದೆ.

ಅಪಾಯ ಎಲ್ಲಿದೆ?

ಇನ್ನೊಬ್ಬ ಬೇಟೆಗಾರನಲ್ಲಿ. ಹುಂಜದ ತಲೆ ಕೆಂಪು, ಬಿಳಿ, ನೀಲಿಯಾಗಿರುವುದರಿಂದ ಆ ಬಣ್ಣಗಳ ಕರವಸ್ತ್ರವನ್ನೂ ಒಯ್ಯಬೇಡಿ. ಡಿಕಾಯ್‌ಗಳನ್ನೂ ಹೊಡೆದ ಹಕ್ಕಿಯನ್ನೂ ಕಿತ್ತಳೆ ಬಣ್ಣದ ಚೀಲದಲ್ಲೇ ಹೊರಿ. ಯಾರಾದರೂ ನಿಮ್ಮತ್ತ ಬರುತ್ತಿದ್ದರೆ ಕೈಬೀಸದೆ, ಟರ್ಕಿಯಂತೆ ಕೂಗದೆ, ಮನುಷ್ಯರ ದನಿಯಲ್ಲಿ ಗಟ್ಟಿಯಾಗಿ ಮಾತಾಡಿ.

ಹವೆ, ಗಡಿಯಾರ, ಪ್ರಯಾಣ?

ಮಾರ್ಚ್ ಕೊನೆಯಲ್ಲಿ ಬೆಳಗಿನ ಚಳಿ ಸೊನ್ನೆಗಿಂತ ಕೆಳಗಿಳಿಯುವುದು, ಹಿಮ ಬೀಳುವುದು ಸಾಮಾನ್ಯ, ಮಧ್ಯಾಹ್ನಕ್ಕೆ ಜಾಕೆಟ್ ಕಳಚುವಂತಾಗುವುದೂ ಅಷ್ಟೇ ಸಾಮಾನ್ಯ. ಹಿಮ ಕರಗಿದ ಮಣ್ಣುರಸ್ತೆಗಳು ಕಾರನ್ನು ನುಂಗುತ್ತವೆ, ನಾಲ್ಕೂ ಗಾಲಿಗೆ ಶಕ್ತಿಯಿರುವ ವಾಹನ ಬಾಡಿಗೆಗೆ ಪಡೆಯಿರಿ. ಡೆನ್ವರ್‌ನಿಂದ ಚಾಡ್ರನ್‌ಗೆ ಸುಮಾರು ಐದು ಗಂಟೆಯ ದಾರಿ, ರ‍್ಯಾಪಿಡ್ ಸಿಟಿ ವಿಮಾನ ನಿಲ್ದಾಣ ಅದಕ್ಕಿಂತ ಹತ್ತಿರ. ಬಿಲ್ಲುಬಾಣ ವಿಮಾನದ ಕೈಚೀಲದಲ್ಲಿ ಹೋಗುವಂತಿಲ್ಲ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಚೆಕ್-ಇನ್ ಮಾಡಿ, ಇಳಿದ ದಿನವೇ ನಾಲ್ಕು ಬಾಣ ಬಿಟ್ಟು ಗುರಿ ಸರಿಯಿದೆಯೇ ನೋಡಿ.

ಬೇಟೆಯ ಸಮಯ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯಿಂದ ಸೂರ್ಯಾಸ್ತದವರೆಗೆ. ನೆಬ್ರಾಸ್ಕದಲ್ಲಿ ಎರಡು ಕಾಲವಲಯಗಳಿವೆ, ಪೈನ್ ರಿಜ್ ಇರುವುದು ಮೌಂಟನ್ ವಲಯದಲ್ಲಿ. ಗಡಿಯ ಬಳಿ ಫೋನಿನ ಗಡಿಯಾರ ಪಕ್ಕದ ವಲಯದ ಗೋಪುರ ಹಿಡಿದು ಒಂದು ಗಂಟೆ ತಪ್ಪು ತೋರಿಸಬಹುದು, ಕೈಗಡಿಯಾರ ಕಟ್ಟಿಕೊಳ್ಳಿ.

ಮಾಂಸವನ್ನು ಏನು ಮಾಡುವುದು?

ಎದೆಮಾಂಸವನ್ನು ತೆಳ್ಳಗೆ ಕೊಯ್ದು ಮೆಣಸಿನ ಪುಡಿ ಹಾಕಿ ಹುರಿದರೆ ಬೇಗ ಬೇಯುತ್ತದೆ, ಹೆಚ್ಚು ಹುರಿದರೆ ತೊಗಲಾಗುತ್ತದೆ. ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಇಳಿಸಿ. ಕಾಲು, ತೊಡೆಗಳನ್ನು ಇಲ್ಲಿನ ಅನೇಕ ಬೇಟೆಗಾರರು ನರ ಹೆಚ್ಚೆಂದು ಎಸೆಯುತ್ತಾರೆ. ಹಳ್ಳಿಯಲ್ಲಿ ನಾಟಿ ಹುಂಜ ತಿಂದು ಬೆಳೆದವರಿಗೆ ಆ ಸಬೂಬು ನಡೆಯದು. ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ, ಹುರಿದ ಕೊಬ್ಬರಿ, ಧನಿಯ, ಗಸಗಸೆಯ ಮಸಾಲೆ ರುಬ್ಬಿ ಹಾಕಿದ ಸಾರಿಗೆ ಮುದ್ದೆ ಮುರಿದು ನೋಡಿ. ಕಳೆದ ಬಾರಿ ಉಳಿದ ಒಂದು ಕಾಲಿನ ಸಾರನ್ನು ಜಮೀನು ಬಿಟ್ಟುಕೊಟ್ಟ ಪಶುಪಾಲಕರ ಮನೆಗೆ ಡಬ್ಬಿಯಲ್ಲಿ ಕೊಟ್ಟು ಬಂದೆ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ಅವರು, ಮುಂದಿನ ವರ್ಷ ಬರುವಾಗ ಡಬ್ಬಿ ಸ್ವಲ್ಪ ದೊಡ್ಡದಿರಲಿ ಎಂದರು.